ಮಾಸ್ಕ್ ತೆಗೆಯದೆ...

ಅಮ್ಮ ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿದಳು, ಅಷ್ಟೆ. ಸಿಓಪಿಡಿ ಬರಲು ಅಷ್ಟೇ ಸಾಕಾಯಿತು.

ಕಳೆದ ಚಳಿಗಾಲದಲ್ಲಿ ಉಬ್ಬಸ ಜೋರಾಗಿ ಐಸಿಯುಗೆ ಸೇರಿಸಿದಾಗ ಬೈಪ್ಯಾಪ್ ಹಾಕಿದರು. ಗಂಟಲಿಗೆ ಕೊಳವೆ ಇಳಿಸದೆ, ಬಿಗಿಯಾದ ಮಾಸ್ಕಿನಿಂದ ಗಾಳಿ ಒತ್ತಿ ಉಸಿರಿಗೆ ಆಸರೆಯಾಗುವ ಯಂತ್ರ ಅದು. ಆರು ಗಂಟೆಗೊಮ್ಮೆ ನೆಬ್ಯುಲೈಸರ್ ಕೊಡಲು ಮಾಸ್ಕ್ ತೆಗೆಯುತ್ತಿದ್ದರು. ಹತ್ತೇ ನಿಮಿಷ! ಅಷ್ಟರಲ್ಲಿ ಆಕ್ಸಿಜನ್ 91ರಿಂದ 82ಕ್ಕೆ ಇಳಿಯುತ್ತಿತ್ತು. ಅಮ್ಮ ಮಂಚದ ಕಂಬಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಔಷಧಿ ಬೇಕೋ, ಉಸಿರು ಬೇಕೋ ಎಂದು ಕೇಳಿದ ಹಾಗಿತ್ತು.

ಮೂರನೇ ರಾತ್ರಿ ಪಾಳಿಗೆ ಬಂದ ಸಿಸ್ಟರ್ ಮಾಸ್ಕ್ ತೆಗೆಯಲೇ ಇಲ್ಲ. ಮಾಸ್ಕಿಗೂ ಪೈಪಿಗೂ ನಡುವೆ 'ಟಿ' ಆಕಾರದ ತುಂಡು ಸಿಕ್ಕಿಸಿ, ಅದಕ್ಕೇ ನೆಬ್ಯುಲೈಸರ್ ಕೂರಿಸಿದರು.

"ಇಷ್ಟೇನಾ ಸಿಸ್ಟರ್?" ಅಂದೆ.

"ಎಲ್ಲಿ ಕೂರಿಸ್ತೀವಿ ಅನ್ನೋದು ಮುಖ್ಯ" ಅಂದರು. ಬಿಟ್ಟ ಉಸಿರು ಹೊರಹೋಗಲು ಪೈಪಿನಲ್ಲೊಂದು ಸಣ್ಣ ತೂತಿರುತ್ತದೆ. ಆ ತೂತಿಗೂ ಮುಖಕ್ಕೂ ನಡುವೆ ಇಟ್ಟರೆ ಔಷಧಿ ಹೆಚ್ಚು ಒಳಹೋಗುತ್ತದಂತೆ. ಹನಿಗಳು 1ರಿಂದ 5 ಮೈಕ್ರಾನ್ ಇದ್ದರೆ ಮಾತ್ರ ಶ್ವಾಸಕೋಶದ ಆಳಕ್ಕಿಳಿಯುತ್ತವೆ, ದೊಡ್ಡವು ಪೈಪು, ಗಂಟಲಿಗೇ ಅಂಟುತ್ತವೆ. ಮಾಸ್ಕಿನ ಅಂಚು ಸಡಿಲವಾದರೂ ನಷ್ಟವೇ. ಇಪ್ರಾಟ್ರೋಪಿಯಂ ಕಣ್ಣಿಗೆ ಸೋರಿದರೆ ಪಾಪೆ ಹಿಗ್ಗಿ ದೃಷ್ಟಿ ಮಸುಕಾಗಬಹುದು.

ಆ ರಾತ್ರಿ ಆಕ್ಸಿಜನ್ 90ಕ್ಕಿಂತ ಇಳಿಯಲಿಲ್ಲ. ಅಮ್ಮ ನಿದ್ದೆ ಮಾಡಿದಳು.

ಮಾಸ್ಕಿಲ್ಲದೆ ಸ್ವಲ್ಪ ಹೊತ್ತು ಆರಾಮಾಗಿರುವವರಿಗೆ ತೆಗೆದೇ ಕೊಡಬಹುದು. ಆದರೆ ನಿಮ್ಮವರು ಒದ್ದಾಡುತ್ತಿದ್ದರೆ "ಹಾಕಿಕೊಂಡೇ ಕೊಡಬಹುದಾ?" ಅಂತ ಒಮ್ಮೆ ಕೇಳಿ.

ನಾನು ಎರಡು ದಿನ ಕೇಳಲಿಲ್ಲ.