ಲಾಂಗ್ಜಾದಲ್ಲಿ ಉದುರಿದ ಫಿಲ್ಲಿಂಗ್

ಸ್ಪಿತಿ ಕಣಿವೆಗೆ ಹೋಗುವವರ ಬ್ಯಾಗಲ್ಲಿ ಏನೇನಿರಬೇಕು ಅನ್ನೋ ಪಟ್ಟಿ ಬೇಕಾದಷ್ಟು ಸಿಗುತ್ತೆ. ಥರ್ಮಲ್ಸ್, ಸನ್‌ಸ್ಕ್ರೀನ್, ಪವರ್ ಬ್ಯಾಂಕ್, ಎತ್ತರದ ತಲೆನೋವಿಗೆ ಮಾತ್ರೆ. ಹಲ್ಲಿನ ಬಗ್ಗೆ ಮಾತ್ರ ಯಾರೂ ಒಂದು ಸಾಲೂ ಬರೆಯಲ್ಲ.

ಕಳೆದ ಸೆಪ್ಟೆಂಬರ್‌ನಲ್ಲಿ ನಾವು ಮೂವರು ಬೆಂಗಳೂರಿನಿಂದ ಹೊರಟು, ಶಿಮ್ಲಾ, ಕಿನ್ನೌರ್ ದಾರಿಯಲ್ಲಿ ಕಾಜಾ ತಲುಪಿ, ಅಲ್ಲಿಂದ ಲಾಂಗ್ಜಾಕ್ಕೆ ಹತ್ತಿದ್ವಿ. ಕಾಜಾದಿಂದ ಸುಮಾರು 15 ಕಿ.ಮೀ., ಎತ್ತರ ಸುಮಾರು 4,400 ಮೀಟರ್. ಬೆರಳೆಣಿಕೆಯ ಬಿಳಿ ಮಣ್ಣಿನ ಮನೆಗಳು, ಬಯಲಿಗೆ ಮುಖ ಮಾಡಿ ಕೂತ ದೊಡ್ಡ ಬುದ್ಧ, ಹಿಂದೆ ಚೌ ಚೌ ಕಾಂಗ್ ನಿಲ್ಡಾ ಶಿಖರ. ಹಿಮಾಲಯ ಏಳುವ ಮೊದಲು ಇಲ್ಲಿ ಟೆಥಿಸ್ ಸಮುದ್ರ ಇತ್ತಂತೆ. ಅದಕ್ಕೆ ಸಾಕ್ಷಿಯಾಗಿ ಕಲ್ಲಾದ ಸುರುಳಿ ಚಿಪ್ಪುಗಳು ಇವತ್ತಿಗೂ ಇಲ್ಲಿನ ಮಣ್ಣಲ್ಲಿ ಸಿಗ್ತವೆ. ಕೋಟ್ಯಂತರ ವರ್ಷ ಚಿಪ್ಪು ಉಳಿದ ಊರಲ್ಲಿ ನನ್ನ ಆರು ವರ್ಷದ ಫಿಲ್ಲಿಂಗ್ ಉಳಿಯಲಿಲ್ಲ.

ಹೋಮ್‌ಸ್ಟೇ ಅಜ್ಜಿ ಕೊಟ್ಟ ಛುರ್ಪಿ ಅಗಿಯುತ್ತಿದ್ದೆ. ಒಣಗಿಸಿದ ಚೀಸ್ ಅದು, ಕಲ್ಲಿನಷ್ಟು ಗಟ್ಟಿ. ಕೆಳಗಿನ ದವಡೆ ಹಲ್ಲಲ್ಲಿ ಕಟಕ್ ಅಂತು. ನಾಲಿಗೆ ಹೋಗಿ ನೋಡಿದರೆ ಗುಂಡಿ. ತಣ್ಣನೆ ಗಾಳಿ ಒಳಗೆ ಎಳೆದುಕೊಂಡರೆ ಸಾಕು, ಕಿವಿವರೆಗೂ ಜುಂ ಅನ್ನೋದು.

ಮುಂದಿನ ಪ್ಲಾನ್ ಕುಂಜುಂ ಪಾಸ್ ದಾಟಿ ಚಂದ್ರತಾಲ್, ಆಮೇಲೆ ಮನಾಲಿ. ನಾಲ್ಕು ದಿನ ಬಾಕಿ. ಈಗಲೇ ಇಳಿದುಬಿಡೋದಾ, ಮುಂದುವರಿಯೋದಾ? ಕಾಜಾದಿಂದ ಮನಾಲಿಗೆ ಸುಮಾರು 200 ಕಿ.ಮೀ., ಅದರಲ್ಲಿ ಬಹುಪಾಲು ರಸ್ತೆ ಅನ್ನೋಕೆ ನಾಚಿಕೆಯಾಗುವಂಥದ್ದು.

ನೆಟ್‌ವರ್ಕ್ ಸಿಕ್ಕ ದಿಬ್ಬದ ಮೇಲೆ ನಿಂತು ಬೆಂಗಳೂರಿನ ನನ್ನ ಡೆಂಟಿಸ್ಟ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. ವಸಡು, ಕೆನ್ನೆ ಏನಾದರೂ ಊದಿದೆಯಾ? ಜ್ವರ ಇದೆಯಾ? ಸುಮ್ಮನೆ ಇದ್ದಾಗಲೂ ನೋವು ಮಿಡಿಯುತ್ತಾ, ಅಥವಾ ತಣ್ಣಗಿನದು ತಾಗಿದಾಗ ಮಾತ್ರಾನಾ? ಒಂದಕ್ಕಾದರೂ ಹೌದು ಅಂದರೆ ಗುಂಡಿ ಮುಚ್ಚಬೇಡಿ, ಕೆಳಗಿಳೀರಿ ಅಂದ್ರು. ಒಳಗೆ ಕೀವು ಇದ್ದು ಮೇಲೆ ಮುಚ್ಚಿಬಿಟ್ಟರೆ ಅದಕ್ಕೆ ಹೊರಗೆ ಬರೋ ದಾರಿ ಇರಲ್ಲ, ಒತ್ತಡ ಹೆಚ್ಚಾಗಿ ನೋವು ಇಮ್ಮಡಿ. ನನಗೆ ಮೂರಕ್ಕೂ ‘ಇಲ್ಲ’. ಹಾಗಾದ್ರೆ ಕಿಟ್ ಹಾಕ್ಕೊಳ್ಳಿ, ಮನಾಲಿಯಲ್ಲಿ ತೋರಿಸಿ ಅಂದ್ರು.

ಕಿಟ್ ಬ್ಯಾಗಲ್ಲಿ ಇದ್ದದ್ದು ಅಕ್ಕನ ದೆಸೆಯಿಂದ. ಅವಳಿರೋದು ಅಮೆರಿಕದಲ್ಲಿ. ಅಲ್ಲಿ ಇನ್ಶೂರೆನ್ಸ್ ಇಲ್ಲದೆ ಡೆಂಟಿಸ್ಟ್ ಕುರ್ಚಿಯಲ್ಲಿ ಕೂತರೆ ಬಿಲ್ಲು ನೋಡಿಯೇ ಹಲ್ಲು ಉದುರುತ್ತೆ. ಹಾಗಾಗಿ ಮೆಡಿಕಲ್ ಸ್ಟೋರ್‌ಗಳಲ್ಲಿ ಟೂತ್‌ಪೇಸ್ಟ್ ಪಕ್ಕದಲ್ಲೇ ಈ ಕಿಟ್ಟೂ ಇರುತ್ತೆ. ನಮ್ಮಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತೆ. ಪುಟಾಣಿ ಡಬ್ಬಿಯಲ್ಲಿ ಬಿಳಿ ಪುಟ್ಟಿ, ಒಂದು ಪ್ಲಾಸ್ಟಿಕ್ ಕಡ್ಡಿ.

ಅಡುಗೆಮನೆಯ ಒಲೆ ಪಕ್ಕ ಕೂತು, ಒಬ್ಬ ಫ್ರೆಂಡ್ ಫೋನ್ ಟಾರ್ಚ್ ಹಿಡಿದ, ಇನ್ನೊಬ್ಬ ಸೆಲ್ಫಿ ಕ್ಯಾಮೆರಾ ಕನ್ನಡಿ ಥರ ಹಿಡಿದ. ಮೊದಲು ಬ್ರಷ್ ಮಾಡಿ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಚೆನ್ನಾಗಿ ಮುಕ್ಕಳಿಸಿದೆ. ಗುಂಡಿಯಲ್ಲಿ ಅನ್ನದ ಅಗುಳು ಉಳಿದರೆ ಅದರ ಮೇಲೇ ಸಿಮೆಂಟ್ ಹಾಕಿದ ಹಾಗೆ. ಆಮೇಲೆ ಹತ್ತಿಯಲ್ಲಿ ಒರೆಸಿ ಒಣಗಿಸಿ, ಕೆನ್ನೆಗೂ ಹಲ್ಲಿಗೂ ನಡುವೆ ಹತ್ತಿ ಉಂಡೆ ಸಿಕ್ಕಿಸಿದೆ. ಬಟಾಣಿಗಿಂತ ಸಣ್ಣ ಪುಟ್ಟಿ ಉಂಡೆ ಒತ್ತಿ ತುಂಬಿ, ಒದ್ದೆ ಹತ್ತಿಯಿಂದ ಸಮ ಮಾಡಿ, ಮೆಲ್ಲಗೆ ಹಲ್ಲು ಕಚ್ಚಿ ಅತ್ತಿತ್ತ ಆಡಿಸಿದೆ. ಈ ಕಚ್ಚೋದೇ ಮುಖ್ಯ. ಪುಟ್ಟಿ ಒಂದು ಕೂದಲೆಳೆ ಎತ್ತರ ಉಳಿದರೂ ಪ್ರತಿ ಸಲ ಬಾಯಿ ಮುಚ್ಚಿದಾಗ ಆ ಹಲ್ಲಿಗೇ ಪೆಟ್ಟು. ಹೆಚ್ಚಾದದ್ದನ್ನ ಕೆರೆದು ತೆಗೆದೆ. ಎಂಜಲಿನ ತೇವದಲ್ಲೇ ಅದು ಗಟ್ಟಿಯಾಗುತ್ತೆ. ಎರಡು ಗಂಟೆ ಏನೂ ತಿನ್ನಲಿಲ್ಲ, ಮುಂದಿನ ದಿನಗಳಲ್ಲಿ ಅಗಿದಿದ್ದೆಲ್ಲ ಇನ್ನೊಂದು ಕಡೆ.

ಡಬ್ಬಿ ತೆಗೆದಾಗ ಬಂದದ್ದು ಲವಂಗದ ಘಮ. ಜಿಂಕ್ ಆಕ್ಸೈಡ್ ಜೊತೆ ಯೂಜೆನಾಲ್ ಇರುತ್ತೆ, ಲವಂಗದೆಣ್ಣೆಯ ಮುಖ್ಯ ಅಂಶ ಅದೇ. ಅಜ್ಜಿ ಅಷ್ಟರಲ್ಲಿ ತಮ್ಮ ಮಸಾಲೆ ಡಬ್ಬಿಯಿಂದ ಎರಡು ಲವಂಗ ತಂದು ಹಿಡಿದಿದ್ರು! ನಮ್ಮ ಹಾಸನದ ಅಜ್ಜಿ, ಲಾಂಗ್ಜಾ ಅಜ್ಜಿ, ಅಮೆರಿಕದ ಫಾರ್ಮಸಿ, ಮೂವರದ್ದೂ ಒಂದೇ ಔಷಧಿ. (ಲವಂಗದೆಣ್ಣೆಯನ್ನ ನೇರವಾಗಿ ಸುರಿದರೆ ವಸಡು ಸುಡುತ್ತೆ, ಆಸ್ಪಿರಿನ್ ಮಾತ್ರೆ ಹಲ್ಲಿನ ಪಕ್ಕ ಇಟ್ಟರೂ ಅಷ್ಟೇ. ಕ್ಯಾಪ್ ಉದುರಿದಾಗ ಸೂಪರ್ ಗ್ಲೂ ಹಾಕುವ ಮಹಾನುಭಾವರೂ ಇದ್ದಾರೆ, ದಯವಿಟ್ಟು ಬೇಡ.)

ಟಾರ್ಚ್ ಬೆಳಕಿನ ಈ ಸರ್ಕಸ್ ನೋಡಿ ನಗುತ್ತಿದ್ದ ಅಜ್ಜಿಯ ಸೊಸೆ, ಆಮೇಲೆ ತನ್ನ ಬಾಯಿ ತೆರೆದು ತೋರಿಸಿದಳು. ಅದೇ ಜಾಗದಲ್ಲಿ ಹಲ್ಲೇ ಇಲ್ಲ. ಚಳಿಗಾಲದಲ್ಲಿ ಕುಂಜುಂ ಹಿಮದಲ್ಲಿ ಮುಚ್ಚಿಹೋಗುತ್ತೆ, ಉಳಿಯೋದು ಕಿನ್ನೌರ್ ದಾರಿ ಮಾತ್ರ. ಆ ಕಡೆಯಿಂದ ಶಿಮ್ಲಾ 400 ಕಿ.ಮೀ.ಗೂ ಹೆಚ್ಚು. ಒಂದು ಫೆಬ್ರವರಿಯಲ್ಲಿ ನೋವು ತಡೆಯಲಾಗದೆ ಎರಡು ದಿನ ಬಸ್ಸಲ್ಲಿ ರಾಂಪುರಕ್ಕೆ ಹೋಗಿದ್ದಳಂತೆ. ರೂಟ್ ಕೆನಾಲ್ ಮಾಡಿದರೆ ಉಳಿಯುತ್ತೆ, ಮೂರು ಸಲ ಬರಬೇಕು ಅಂದ್ರಂತೆ. ಮನೆಯಲ್ಲಿ ಪುಟ್ಟ ಮಗು, ಕೊಟ್ಟಿಗೆಯಲ್ಲಿ ಹಸು. “ಕಿತ್ತುಬಿಡಿ ಅಂದೆ” ಅಂತ ಹೇಳಿದಳು. ಆಗ ಅವಳಿಗೆ 29. ನಾವು ಎಂಟು ಹತ್ತು ಕ್ಲಿನಿಕ್ ಇರೋ ಏರಿಯಾದಲ್ಲಿದ್ದು ಅಪಾಯಿಂಟ್‌ಮೆಂಟ್ ಮುಂದೂಡುವವರು.

ಹೊರಡುವಾಗ ಉಳಿದ ಡಬ್ಬಿ ಅವಳಿಗೇ ಕೊಟ್ಟೆ. ಎಕ್ಸ್‌ಪೈರಿ ದಿನಾಂಕ, ಡಾಕ್ಟರ ಮೂರು ಪ್ರಶ್ನೆ ಎರಡನ್ನೂ ಹಿಂದಿಯಲ್ಲಿ ಬರೆದು ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆ. ಕೊಡಬೇಕಾದ್ದು ಡಬ್ಬಿಯಲ್ಲ, ಹತ್ತಿರದಲ್ಲೊಂದು ಕುರ್ಚಿ ಅಂತ ಗೊತ್ತಿತ್ತು. ಅದು ನನ್ನ ಕೈಯಲ್ಲಿಲ್ಲ.

ಕುಂಜುಂನ ಬಾವುಟಗಳು, ಚಂದ್ರತಾಲ್‌ನ ನೀಲಿ, ಅಟಲ್ ಸುರಂಗ ಎಲ್ಲ ಮುಗಿಸಿ ನಾಲ್ಕನೇ ದಿನ ಮನಾಲಿ. ಪುಟ್ಟಿ ಜಾಗದಲ್ಲೇ ಇತ್ತು, ನೋವು ಒಂಚೂರೂ ಇರಲಿಲ್ಲ. ಬೆಂಗಳೂರಿಗೆ ಹೋಗಿ ನೋಡೋಣ ಬಿಡು ಅಂತ ಫ್ರೆಂಡ್ಸ್ ಅಂದ್ರು. ನಾನು ಬ್ಯಾಗ್ ಅವರ ಕೈಗೆ ಕೊಟ್ಟು ಕ್ಲಿನಿಕ್ ಹುಡುಕಿಕೊಂಡು ಹೋದೆ. ಡಾಕ್ಟರ್ ಪುಟ್ಟಿ ಕೆರೆದು ತೆಗೆದರೆ ಅದರಡಿಯಲ್ಲಿ ಹುಳುಕು ಕಪ್ಪಗೆ ಇಳಿಯುತ್ತಿತ್ತು, ನರ ಇನ್ನೂ ಮುಟ್ಟಿರಲಿಲ್ಲ. ಇದೇ ಪುಟ್ಟಿ ಹಾಕಿಕೊಂಡು ನೋವಿಲ್ಲ ಅಂತ ಮೂರು ತಿಂಗಳು ಬಿಟ್ಟು ಬರೋರಿಗೆ ರೂಟ್ ಕೆನಾಲೇ ಗತಿ ಅಂತ ಗೊಣಗುತ್ತಾ ಹೊಸ ಫಿಲ್ಲಿಂಗ್ ಹಾಕಿದ್ರು. ಮುಕ್ಕಾಲು ಗಂಟೆ ಹಿಡೀತು. ಜುಮ್ಮುಗಟ್ಟಿದ್ದು ಬಿಟ್ಟ ಮೇಲೆ, ಸಂಜೆ ಬಸ್ಸಿಗೆ ಮುಂಚೆ, ಬಿಸಿ ಸಿಡ್ಡು ತುಪ್ಪದಲ್ಲಿ ಅದ್ದಿಕೊಂಡು ಎರಡೂ ಕಡೆ ಅಗಿದು ತಿಂದೆ.