ಪೊಟ್ಟಣದ ಕಾಗದ

ನಮ್ಮ ಶಾಲೆಯಲ್ಲಿ ಪಾಲಕರ ಸಭೆ ಎಂದರೆ ಈಗ ಒಂದೇ ಪುರಾಣ. "ಮೊಬೈಲ್ ಹಿಡಕಂಡ್ರೆ ಬಿಡಾದಿಲ್ರೀ ಟೀಚರ್, ಉಣ್ಣಾಕ ಕರೆದ್ರೂ ಕೇಳ್ಸಾದಿಲ್ಲ" ಎಂದು ಒಬ್ಬ ತಾಯಿ ಶುರು ಮಾಡಿದರೆ ಸಾಕು, ಹಿಂದೆ ಕೂತವರೆಲ್ಲ ತಮ್ಮ ತಮ್ಮ ಮನೆಯ ಕಥೆ ಬಿಚ್ಚುತ್ತಾರೆ. ಎಷ್ಟೋ ವರ್ಷ ನಾನೂ ಅವರ ಜೊತೆ ದನಿಗೂಡಿಸಿದೆ. ಮೊಬೈಲು ಮಕ್ಕಳನ್ನು ಕೆಡಿಸಿತು ಎಂದು ಭಾಷಣ ಬಿಗಿದು, ಮನೆಗೆ ಬಂದು, ಕಾಲು ಚಾಚಿ ಅದೇ ಮೊಬೈಲಿನಲ್ಲಿ ಇಳಕಲ್ ಸೀರೆ ನೋಡುತ್ತ ಕೂರುತ್ತಿದ್ದೆ. ಈಗ ಹಾಗೆ ಸಲೀಸಾಗಿ ಮಾತು ಬರುವುದಿಲ್ಲ. ಯಾಕೆಂದು ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಕೊಟ್ಟೂರಿನಲ್ಲಿ. ಅಪ್ಪ ಕಿರಾಣಿ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕಿದ್ದರು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ವ್ಯಾಪಾರಸ್ಥರ ಮನೆಯಿಂದ ಶೇಂಗಾ ಚೀಲ ತಂದು ಸುರುವಿಕೊಂಡು, ಕೂಲಿಗೆ ಸುಲಿಯುತ್ತ ಕೂರುತ್ತಿದ್ದಳು. ನಮ್ಮ ಮನೆಗೆ ಪೇಪರ್ ಹಾಕಿಸುವಷ್ಟು ಅನುಕೂಲವಿರಲಿಲ್ಲ. ಆದರೆ ಬೆಲ್ಲ, ಬೇಳೆ, ಸಾಸಿವೆ ಕಟ್ಟಿ ತಂದ ಹಳೆಯ ಪೇಪರಿನ ತುಂಡು ಇರುತ್ತಿತ್ತಲ್ಲ, ಅದನ್ನು ಅವ್ವ ಎಸೆಯುತ್ತಿರಲಿಲ್ಲ. ಕೈಯಿಂದ ನೀವಿ, ಮಡಿಚಿ ಗೂಡಿನಲ್ಲಿಡುತ್ತಿದ್ದಳು. "ಓದವ್ವಾ, ಅದರಾಗ ಏನೈತಿ?" ಎನ್ನುವಳು. ನಾನು ಕಂದೀಲಿನ ಹತ್ತಿರ ಕೂತು ಓದುವೆ. ಕಥೆ ಅರ್ಧಕ್ಕೆ ಹರಿದಿರುತ್ತಿತ್ತು. ಅವ್ವ ಕೈ ನಿಲ್ಲಿಸದೆ "ಮುಂದೇನಾತು?" ಎಂದು ಕೇಳುವಳು. ಕಾಗದ ಮುಗಿದಿದೆ ಎಂದರೆ ಒಪ್ಪುತ್ತಿರಲಿಲ್ಲ. ಕಡೆಗೆ ನಾನೇ ಮುಂದಿನದನ್ನು ಕಟ್ಟಿ ಹೇಳುತ್ತಿದ್ದೆ. ನನ್ನ ಬಿಎ, ಬಿಎಡ್‌ಗಳ ಬುನಾದಿ ಬಿದ್ದದ್ದು ಆ ಶೇಂಗಾ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಎಂದು ನನಗೆ ಈಗ ಅನಿಸುತ್ತದೆ.

ಟಿವಿಯ ಕಾಲವನ್ನೂ ಕಂಡೆ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರಲು ಶುರುವಾದಾಗ ಓಣಿಗೆಲ್ಲ ಒಂದೇ ಮನೆಯಲ್ಲಿ ಟಿವಿ. ಗಂಡಸರು ಕುರ್ಚಿಯ ಮೇಲೆ, ಮಕ್ಕಳು ಚಾಪೆಯ ಮೇಲೆ, ಹೆಂಗಸರು ಬಾಗಿಲ ಬಳಿ. ಸರಿಯಾಗಿ ಸೀತಾಪಹರಣದ ಹೊತ್ತಿಗೆ "ಚಾ ಇಡ್ರವ್ವಾ" ಎಂದು ಒಳಗಿನಿಂದ ಅಪ್ಪಣೆ. ಟಿವಿ ಒಂದೇ, ಆದರೆ ಅದರಲ್ಲಿ ಯಾರು ಎಷ್ಟು ಕಂಡರು ಎನ್ನುವುದು ಯಾರು ಎಲ್ಲಿ ಕೂತಿದ್ದರು ಎನ್ನುವುದರ ಮೇಲೆ ಇತ್ತು. ಆಗ ಅದು ನನಗೆ ತಿಳಿಯಲಿಲ್ಲ, ಚಹಾಕ್ಕೆ ಎದ್ದು ಹೋದವಳು ನಾನೇ ಆಗಿದ್ದರೂ.

ತಿಳಿದದ್ದು 2020ರಲ್ಲಿ. ಆ ವರ್ಷ ಮಾರ್ಚಿನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಜುಲೈ ತಿಂಗಳಲ್ಲಿ ಚಂದನ ವಾಹಿನಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಪಾಠ ಬರತೊಡಗಿತು. ನಾವು ವಾಟ್ಸಪ್ ಗುಂಪು ಮಾಡಿ ಪ್ರಶ್ನೆ ಕಳಿಸಿದೆವು. ಕೋಗಳಿ ಸೀಮೆಯ ನಮ್ಮ ಶಾಲೆಯ ಒಂಬತ್ತನೆಯ ತರಗತಿಗೆ ನಾನು ಕ್ಲಾಸ್ ಟೀಚರು. ರೂಲು ಪುಸ್ತಕದಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದೆ: ಹೆಸರು, ಟಿವಿ, ಮೊಬೈಲ್. ಇದೆ, ಇಲ್ಲ, ಇದೆ, ಇಲ್ಲ. ಅಷ್ಟರಲ್ಲಿ ಮನೆಯ ಹಿನ್ನೆಲೆಯೆಲ್ಲ ನನಗೆ ಗೊತ್ತಾಯಿತು ಎಂದುಕೊಂಡೆ!

ಒಬ್ಬ ಹುಡುಗನ ಉತ್ತರಗಳು ದಿನವೂ ಒಂಬತ್ತು ಗಂಟೆಗೆ ಬರುತ್ತಿದ್ದವು, ಮುತ್ತು ಪೋಣಿಸಿದಂಥ ಅಕ್ಷರ. ಎಲ್ಲರಿಗೂ ಅವನನ್ನು ತೋರಿಸಿ ಹೊಗಳಿದೆ. ಆ ಅಕ್ಷರ ಅವನ ತಾಯಿಯದು ಎಂದು ಗೊತ್ತಾದದ್ದು ಶಾಲೆ ತೆರೆದ ಮೇಲೆ. ತಾಂಡಾದ ಒಬ್ಬ ಹುಡುಗಿಯ ಹೆಸರಿನ ಮುಂದೆ "ಮೊಬೈಲ್ ಇದೆ" ಎಂದಿತ್ತು. ಅವಳಿಂದ ಒಂದು ಉತ್ತರವೂ ಬರಲಿಲ್ಲ. ಕೆಂಪು ಶಾಯಿಯಲ್ಲಿ "ನಿರಾಸಕ್ತಿ" ಎಂದು ಬರೆದೆ.

ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮಕ್ಕಳು ಶಾಲೆಗೆ ಬರುವ ಬದಲು ನಾವೇ ಊರೂರಿಗೆ ಹೋಗಿ ಗುಡಿಯ ಅಂಗಳದಲ್ಲಿ, ಮರದ ಕಟ್ಟೆಯ ಮೇಲೆ ಪಾಠ ಮಾಡಬೇಕು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು. ಆದರೆ ಆ ಎರಡು ತಿಂಗಳಲ್ಲಿ ನಾನು ಕಲಿತಷ್ಟನ್ನು ಬಿಎಡ್ ಓದುವಾಗಲೂ ಕಲಿತಿರಲಿಲ್ಲ. ಆ ಹುಡುಗಿಯ ಮನೆಗೆ ಹೋದೆ. ಅಪ್ಪ ಅಮ್ಮ ಕಬ್ಬು ಕಡಿಯಲು ಮಂಡ್ಯದ ಕಡೆ ಹೋಗಿದ್ದರು. ಮನೆಯಲ್ಲಿ ಅಜ್ಜಿ, ಇವಳು, ಇಬ್ಬರು ಚಿಕ್ಕವರು, ಒಬ್ಬ ಅಣ್ಣ. ಮೊಬೈಲ್ ಅಣ್ಣನದು. ಬೆಳಿಗ್ಗೆ ಲೋಡಿಂಗ್ ಕೆಲಸಕ್ಕೆ ಹೋಗುವಾಗ ಅದೂ ಅವನ ಜೇಬಿನಲ್ಲಿ ಹೋಗುತ್ತಿತ್ತು. ರಾತ್ರಿ ಎಂಟಕ್ಕೆ ಅವನು ಬರುವ ಹೊತ್ತಿಗೆ ದಿನದ ನೆಟ್ ಖಾಲಿ. ಉಳಿದಿದ್ದರೂ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ.

"ಹೆಣ್ಣುಡುಗಿ ಕತ್ತಲಾಗ ಟ್ಯಾಂಕಿನತ್ರ ಮೊಬೈಲ್ ಹಿಡ್ಕಂಡು ಕುಂತ್ರೆ ಮಂದಿ ಏನಂತಾರ ಟೀಚರಮ್ಮಾ? ನಾಳೆ ಇವಳಪ್ಪಗ ನಾನೇನು ಜವಾಬು ಹೇಳ್ಲಿ?" ಎಂದು ಅಜ್ಜಿ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಹುಡುಗಿ ನೋಟ್‌ಬುಕ್ ತಂದು ಕೊಟ್ಟಳು. ಮೊದಲ ಕೆಲವು ಪುಟಗಳಲ್ಲಿ ನಾನು ಕಳಿಸಿದ ಪ್ರಶ್ನೆ, ಅದಕ್ಕೆ ಅವಳ ಉತ್ತರ. ಆಮೇಲಿನ ಪುಟಗಳಲ್ಲಿ ಬೇರೆಯೇ ಲೆಕ್ಕ. ಮೇಸ್ತ್ರಿ ಕೊಟ್ಟ ಮುಂಗಡ ಎಷ್ಟು, ಎಷ್ಟು ಟನ್ ಕಡಿದದ್ದಾಯಿತು, ಎಷ್ಟು ಮುರಿದುಕೊಂಡರು. ಅಪ್ಪ ಫೋನಿನಲ್ಲಿ ಹೇಳುತ್ತ ಹೋದದ್ದನ್ನು ಇವಳು ಬರೆದಿಟ್ಟಿದ್ದಳು. ಕೂಡುವುದು, ಕಳೆಯುವುದು ಎಲ್ಲ ಸರಿಯಾಗಿತ್ತು. ಅಜ್ಜಿಯ ಪಿಂಚಣಿಯ ಮೆಸೇಜ್ ಓದುವವಳೂ ಇವಳೇ. ಆ ಮನೆಯ ಅಕ್ಷರವೆಲ್ಲ ಆ ಹುಡುಗಿಯ ಹೆಗಲ ಮೇಲಿತ್ತು. ಅಂಥವಳಿಗೆ ನಾನು ಆಸಕ್ತಿ ಇಲ್ಲ ಎಂದು ಬರೆದಿದ್ದೆ. ಮನೆಗೆ ಬಂದು ಆ ಪದವನ್ನು ಹೊಡೆದುಹಾಕಿದೆ. ಕೆಂಪು ಶಾಯಿ ನೋಡಿ, ಹೊಡೆದರೂ ಕಾಣುತ್ತಲೇ ಇತ್ತು.

ಇದು ಒಂದು ತಾಂಡಾದ ಕಥೆಯಲ್ಲ. 'ಅಸರ್' ಎಂಬ ಸಮೀಕ್ಷೆ ದೇಶದ ಹಳ್ಳಿಗಳ ಮಕ್ಕಳ ಓದನ್ನು ಅಳೆಯುತ್ತದೆ. 2023ರಲ್ಲಿ ಅದು ಹದಿನಾಲ್ಕರಿಂದ ಹದಿನೆಂಟರ ಮಕ್ಕಳನ್ನು ಕೇಳಿತು. ಮೊಬೈಲ್ ಬಳಸಲು ಬರುವ ಹುಡುಗರಲ್ಲಿ ಶೇಕಡಾ 43.7 ಮಂದಿಗೆ ತಮ್ಮದೇ ಸ್ಮಾರ್ಟ್‌ಫೋನ್ ಇತ್ತು. ಹುಡುಗಿಯರಲ್ಲಿ ಶೇಕಡಾ 19.8. ಮನೆಯಲ್ಲಿ ಮೊಬೈಲ್ ಇರುವುದು ಬೇರೆ, ಮಗಳ ಕೈಗೆ ಸಿಗುವುದು ಬೇರೆ ಎಂದು ನನ್ನ ಮೂರು ಕಾಲಂಗಳು ಹೇಳಿರಲಿಲ್ಲ.

ಹಾಗಾದರೆ ಕೈಗೆ ಕೊಟ್ಟುಬಿಟ್ಟರೆ ಎಲ್ಲ ಸರಿಹೋಯಿತೇ? ಅದಕ್ಕೆ ನನ್ನ ಮನೆಯೇ ಉತ್ತರ. ಅದೇ ವರ್ಷ ನನ್ನ ತಂಗಿಯ ಮಗ ಪಿಯುಸಿ ಓದಲು ನಮ್ಮಲ್ಲಿದ್ದ. ಅವನಿಗೆ ಬೇರೆ ಕೋಣೆ, ಲ್ಯಾಪ್‌ಟಾಪ್, ದಿನವಿಡೀ ನೆಟ್. ನಾನು ನಡುಮನೆಯಲ್ಲಿ ಕೂತು ಊರ ಮಕ್ಕಳಿಗೆ ಪಾಠ ಕಳಿಸುತ್ತಿದ್ದೆ. ಅವನು ಒಳಗೆ ಕ್ಲಾಸಿಗೆ ಹಾಜರಿ ಹಾಕಿ, ಕ್ಯಾಮರಾ ಮುಚ್ಚಿ ಆಟ ಆಡುತ್ತಿದ್ದ. ಒಂದು ದಿನ ಚಪಾತಿ ಲಟ್ಟಿಸುತ್ತ "ಇವತ್ತೇನು ಹೇಳಿಕೊಟ್ರೋ?" ಎಂದೆ. ಅವನು ತಬ್ಬಿಬ್ಬಾಗಿ "ದೊಡ್ಡಮ್ಮಾ, ನೀವು ಹಿಂಗ ಕೇಳಿದ್ದು ಇದೇ ಮೊದಲು" ಎಂದ. ಅವನು ಜಾಣತನಕ್ಕೆ ಹೇಳಿದ್ದಲ್ಲ, ಅದು ನಿಜವಾಗಿತ್ತು. ಓದು ಬಾರದ ನನ್ನವ್ವ ದಿನವೂ ಕೇಳುತ್ತಿದ್ದ ಪ್ರಶ್ನೆಯನ್ನು ಬಿಎಡ್ ಮಾಡಿದ ನಾನು ಒಮ್ಮೆಯೂ ಕೇಳಿರಲಿಲ್ಲ.

ಕೋಗಳಿಯ ಬಸದಿಯ ಹತ್ತಿರ ಹಳೆಗಾಲದ ಶಾಸನಗಳಿವೆ. 'ಕೋಗಳಿ ಐನೂರು' ಎಂದು ಶಾಸನಗಳಲ್ಲಿ ಹೆಸರಾದ ನಾಡು ಇದು. ಅಕ್ಷರವೇನೋ ಕನ್ನಡವೇ, ಆದರೆ ತಿಳಿದವರು ಪಕ್ಕದಲ್ಲಿ ನಿಂತು ಓದಿ ಹೇಳದಿದ್ದರೆ ನಮ್ಮ ಮಕ್ಕಳಿಗೆ ಅದು ಬರೀ ಕಲ್ಲು. ಮೊಬೈಲೂ ಹಾಗೆಯೇ ಎಂದು ನನಗೆ ಅನಿಸುತ್ತದೆ. ಅಸರ್ 2024ರ ಪ್ರಕಾರ, ಬಳಸಲು ಬರುವ ಹದಿನಾಲ್ಕರಿಂದ ಹದಿನಾರರ ಮಕ್ಕಳಲ್ಲಿ ಶೇಕಡಾ 57 ಮಂದಿ ಆ ವಾರ ಓದಿಗೆ ಸಂಬಂಧಿಸಿ ಮೊಬೈಲ್ ಬಳಸಿದ್ದರು. ಶೇಕಡಾ 76 ಮಂದಿ ಸಾಮಾಜಿಕ ಜಾಲತಾಣ ನೋಡಿದ್ದರು. ಈ ಎರಡರ ನಡುವಿನ ಅಂತರವನ್ನು ಬೈಗುಳದಿಂದ ತುಂಬಲು ಆಗುವುದಿಲ್ಲ.

ಆ ಹುಡುಗಿಯ ಕಥೆ ಏನಾಯಿತು ಎಂದು ನೀವು ಕೇಳುತ್ತೀರಿ. 2021ರ ಫೆಬ್ರವರಿಯಲ್ಲಿ ಒಂಬತ್ತನೆಯ ತರಗತಿ ತೆರೆದಾಗ ಕೆಲವು ವಾರ ಬಂದಳು. ಹತ್ತನೆಯ ತರಗತಿಗೆ ಬರಲಿಲ್ಲ. ಚಿಕ್ಕವರನ್ನು ನೋಡಿಕೊಳ್ಳಲು ಅವಳನ್ನೂ ಕಬ್ಬಿನ ಗದ್ದೆಗೆ ಕರೆದುಕೊಂಡು ಹೋಗಿದ್ದರು. ಮರುವರ್ಷ ನಾನು, ನನ್ನ ಸಹೋದ್ಯೋಗಿಗಳು ತಾಂಡಾಕ್ಕೆ ನಾಲ್ಕು ಸಲ ಎಡತಾಕಿದೆವು. "ಲೆಕ್ಕ ಬರಕೊಡಾಕ ನನಗೂ ಒಬ್ಬರು ಬೇಕಲ್ರೀ" ಎಂದು ಅವಳಪ್ಪ ಗೊಣಗುತ್ತಲೇ ಒಪ್ಪಿದರು. 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಕಳೆದ ಒಂದು ವರ್ಷವನ್ನು ಯಾರೂ ಅವಳಿಗೆ ಹಿಂದಕ್ಕೆ ಕೊಡಲಿಲ್ಲ. ಅದರಲ್ಲಿ ನನ್ನ ಪಾಲೂ ಇದೆ ಎಂದೇ ನಾನು ತಿಳಿದಿದ್ದೇನೆ.

ಈಗ ಪಾಲಕರ ಸಭೆಯಲ್ಲಿ ನಾನು ಮೊಬೈಲನ್ನು ಬೈಯುವುದಿಲ್ಲ. "ರಾತ್ರಿ ಒಂದು ಮಾತು ಕೇಳ್ರವ್ವಾ, ಇವತ್ತು ಏನು ನೋಡಿದಿ, ಏನು ಓದಿದಿ, ಮುಂದೇನಾತು ಅಂತ" ಎನ್ನುತ್ತೇನೆ. ಮೊನ್ನೆ ಒಬ್ಬ ತಾಯಿ ಸೆರಗು ಬಾಯಿಗಿಟ್ಟುಕೊಂಡು "ನಮಗೇನು ತಿಳಿತೈತ್ರೀ?" ಎಂದಳು. "ನಮ್ಮವ್ವಗೂ ತಿಳಿತಿದ್ದಿಲ್ಲ ಬಿಡವ್ವ, ಕೇಳ್ತಿದ್ದಳು ಅಷ್ಟೆ" ಎಂದೆ.

ಆದರೆ ಆರು ತಿಂಗಳು ದೂರದ ಗದ್ದೆಯಲ್ಲಿರುವ ತಾಯಿ ದಿನವೂ ಕೇಳುವುದು ಹೇಗೆ? ಅವಳಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ರೂಲು ಪುಸ್ತಕದಲ್ಲಿ ನಾಲ್ಕನೆಯ ಕಾಲಂ ಎಳೆದಿದ್ದೇನೆ: ಮನೆಯಲ್ಲಿ ಕೇಳುವವರು ಯಾರು? ಅಮ್ಮ, ಅಜ್ಜ, ಅಕ್ಕ ಎಂದು ಮಕ್ಕಳೇ ಬರೆಸುತ್ತಾರೆ. ಖಾಲಿ ಉಳಿದ ಕಡೆ ನನ್ನ ಹೆಸರು ಬರೆದುಕೊಳ್ಳುತ್ತೇನೆ, ನೀಲಿ ಶಾಯಿಯಲ್ಲಿ. ಈ ವರ್ಷ ಹನ್ನೊಂದು ಕಡೆ ಬರೆದಿದ್ದೇನೆ. ಹನ್ನೊಂದು ಮಕ್ಕಳನ್ನೂ ದಿನಾ ಕೇಳಲು ಆಗುತ್ತಿಲ್ಲ. ಬಿಡುವಿನ ಗಂಟೆಯಲ್ಲಿ ಮೂವರನ್ನೋ ನಾಲ್ವರನ್ನೋ ಕೇಳುತ್ತೇನೆ. ಉಳಿದವರು ಕಿಟಕಿಯ ಹತ್ತಿರ ನಿಂತು, ತಮ್ಮ ಸರದಿ ಯಾವಾಗ ಎಂದು ಇಣುಕುತ್ತಿರುತ್ತಾರೆ.