ಬ್ಯಾಟರಿಯ ಹಂಗಿಲ್ಲದ ಚುಕ್ಕೆ

ಬ್ಯಾಟರಿ ಅನ್ನುವುದು ಬೇಕಾದ ಹೊತ್ತಿಗೇ ಕೈಕೊಡುತ್ತದೆ ಎಂದರೆ ನೀವೂ ಒಪ್ಪುತ್ತೀರಿ, ಅಲ್ಲವೆ? ರಿಮೋಟಿನದು ಮುಗಿದರೆ ಎದ್ದು ಹೋಗಿ ಟಿ.ವಿ. ಆರಿಸಬಹುದು. ಪಿಸ್ತೂಲಿನ ಮೇಲಿನ ರೆಡ್ ಡಾಟ್ ಸೈಟಿನದು ಮುಗಿದರೆ? ಟೆಕ್ಸಾಸಿನಲ್ಲಿರುವ ನನ್ನ ಸೋದರಳಿಯ ಮೊನ್ನೆ ಫೋನಿನಲ್ಲಿ, "ಮಾವ, ಬ್ಯಾಟರಿಯೇ ಬೇಡದ ಸೈಟ್ ಸಿಗುತ್ತೆ, ತಗೊಳ್ಳಲಾ?" ಎಂದು ಕೇಳಿದಾಗಿನಿಂದ ನನಗೆ ಅದೇ ಗುಂಗು.

ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದವರಿಗೆ .22 ರೈಫಲ್ ನೆನಪಿರಬೇಕು. ಕಣ್ಣಿನ ಹತ್ತಿರದ ಕಚ್ಚು, ನಳಿಗೆಯ ತುದಿಯ ಮೊನೆ, ಆಚೆಯ ಗುರಿ, ಈ ಮೂರನ್ನೂ ಒಂದೇ ಗೆರೆಗೆ ತರಬೇಕು. ಕಣ್ಣು ಮೊನೆಯ ಮೇಲೆ ನೆಟ್ಟರೆ ಗುರಿ ಮಬ್ಬು, ಗುರಿಯ ಮೇಲೆ ನೆಟ್ಟರೆ ಮೊನೆ ಮಬ್ಬು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸಿನಲ್ಲಿ 50 ಮೀಟರ್ ಪಿಸ್ತೂಲಿಗೆ ಇಳಿದದ್ದು ಇದೇ ಕಷ್ಟದ ವಿದ್ಯೆಯಿಂದ. ಅಲ್ಲಿ ರೆಡ್ ಡಾಟಿಗೆ ಅವಕಾಶವೇ ಇಲ್ಲ. ರೆಡ್ ಡಾಟ್ ಇದ್ದರೆ ಗುರಿಯನ್ನಷ್ಟೇ ನೋಡಿದರಾಯಿತು. ಗಾಜಿನಲ್ಲಿ ಕಾಣುವ ಚುಕ್ಕೆ ಗುರಿಯಷ್ಟೇ ದೂರದಲ್ಲಿರುವಂತೆ ತೋರುತ್ತದೆ. ನಲವತ್ತು ದಾಟಿ ಚಾಳೀಸು ಬಂದವರಿಗಂತೂ ಇದು ವರ.

ಈ ಉಪಾಯ ಹೊಳೆದದ್ದು ಯಾರಿಗೆ ಗೊತ್ತೆ? ಡಬ್ಲಿನ್‌ನಲ್ಲಿ ದೂರದರ್ಶಕ ಮಾಡುತ್ತಿದ್ದ ಸರ್ ಹೋವರ್ಡ್ ಗ್ರಬ್ ಅವರಿಗೆ. ಪೇಟೆಂಟ್ ಪಡೆದದ್ದು 1900ರಲ್ಲಿ. ಅವರ ಕಾರ್ಖಾನೆಯ 20 ಇಂಚಿನ ದೂರದರ್ಶಕವೊಂದು ಪುಣೆಗೆ ಬಂದು, 1912ರಲ್ಲಿ ಕೊಡೈಕನಾಲ್ ಬೆಟ್ಟ ಹತ್ತಿತು. ಆ ವೀಕ್ಷಣಾಲಯವನ್ನು ಈಗ ನಡೆಸುತ್ತಿರುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ನಕ್ಷತ್ರ ನೋಡುವವರ ಗಾಜು ಪಿಸ್ತೂಲಿನ ನೆತ್ತಿಗೇರಿದ್ದು ನನಗೆ ಇಂದಿಗೂ ಸೋಜಿಗ.

ಎಲ್ಲಿದ್ದೆ? ಹಾಂ, ಬ್ಯಾಟರಿ. ಅಮೆರಿಕದ ಟ್ರಿಜಿಕಾನ್ ಕಂಪನಿ ಆರ್‌ಎಂಆರ್ ಎಂಬ ಸೈಟಿನಲ್ಲಿ ಬ್ಯಾಟರಿ ಇಲ್ಲದ ಮಾದರಿಯನ್ನೂ ಮಾಡಿತು. ಹಗಲಿನಲ್ಲಿ ಮೇಲಿನ ಫೈಬರ್ ಆಪ್ಟಿಕ್ ಸುತ್ತಲ ಬೆಳಕನ್ನು ಹೀರಿ ಚುಕ್ಕೆಗೆ ಕೊಡುತ್ತದೆ. ಕತ್ತಲಾದರೆ ಟ್ರಿಟಿಯಂ: ಗಾಜಿನ ಪುಟ್ಟ ನಳಿಗೆಯಲ್ಲಿ ತುಂಬಿದ ವಿಕಿರಣಶೀಲ ಹೈಡ್ರೋಜನ್, ಒಳಗೋಡೆಗೆ ಬಳಿದ ಲೇಪವನ್ನು ಸದಾ ಬೆಳಗಿಸುತ್ತಿರುತ್ತದೆ. ಸ್ವಿಚ್ಚಿಲ್ಲ, ಸರ್ಕ್ಯೂಟಿಲ್ಲ. ಎಂಥ ಅಚ್ಚುಕಟ್ಟು!

ವಿಕಿರಣ ಎಂದೊಡನೆ ಬೆಚ್ಚಬೇಡಿ. ಟ್ರಿಟಿಯಂನ ಕಿರಣಕ್ಕೆ ಚರ್ಮ ದಾಟುವ ಶಕ್ತಿಯಿಲ್ಲ. ಮೈಯೊಳಗೆ ಹೋದರೆ ಮಾತ್ರ ತೊಂದರೆ. ನಮ್ಮ ಕೈಗಾ ಸ್ಥಾವರದ ಭಾರಜಲದಲ್ಲೂ ಅದು ಹುಟ್ಟುತ್ತದೆ. 2009ರಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಅದನ್ನು ಬೆರೆಸಿ, ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿದ ಸುದ್ದಿ ಉತ್ತರ ಕನ್ನಡದವರು ಮರೆತಿಲ್ಲ. ಮೊಹರಾದ ನಳಿಗೆಯಲ್ಲಿ ಆ ಭಯವಿಲ್ಲ. ಆದರೆ 12.3 ವರ್ಷಕ್ಕೆ ಅರ್ಧ ಟ್ರಿಟಿಯಂ ಕರಗಿಹೋಗುತ್ತದೆ, ಹೊಳಪೂ ಅದರ ಹಿಂದೆಯೇ ಇಳಿಯುತ್ತದೆ.

ಅದನ್ನಾದರೂ ಸಹಿಸಬಹುದು. ದೊಡ್ಡ ತೊಡಕು ಬೇರೆ. ಚುಕ್ಕೆಗೆ ಬೆಳಕು ಸಿಗುವುದು ನಾವು ನಿಂತ ಜಾಗದಿಂದ, ಗುರಿ ಇರುವ ಜಾಗದಿಂದಲ್ಲ. ನಡುಮನೆಯ ಮಬ್ಬಿನಲ್ಲಿ ನಿಂತು ಬಿಸಿಲಿನ ಅಂಗಳ ನೋಡಿ: ಒಳಗೆ ಬೆಳಕಿಲ್ಲದೆ ಚುಕ್ಕೆ ಮಂಕು, ಹೊರಗಿನ ಝಳಕ್ಕೆ ಆ ಮಂಕೂ ಮಾಯ. ರಾತ್ರಿ ಪಿಸ್ತೂಲಿನದೇ ಟಾರ್ಚು ಹಾಕಿದರೂ ಇದೇ ಪಾಡು. ಪಿಸ್ತೂಲು ಇಟ್ಟುಕೊಳ್ಳುವವರು ಹೆದರುವುದೇ ಇಂಥ ಗಳಿಗೆಗೆ ತಾನೆ? ಸಾಲದ್ದಕ್ಕೆ ಚುಕ್ಕೆಯೂ ದೊಡ್ಡದು. 13 ಎಂಒಎ (ಚುಕ್ಕೆಯ ಗಾತ್ರ ಹೇಳುವ ಕೋನದಳತೆ) ಮಾದರಿಯದು 25 ಮೀಟರ್ ದೂರದಲ್ಲಿ ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಮುಚ್ಚುತ್ತದೆ. ಹತ್ತಿರದ ಗುರಿಗೆ ಅದು ಥಟ್ಟನೆ ಕಣ್ಣಿಗೆ ಬೀಳುವುದು ಒಳ್ಳೆಯದೇ, ದೂರದ ಸಣ್ಣ ಗುರಿಗೆ ಸಲ್ಲದು.

ಬ್ಯಾಟರಿಯದಕ್ಕೂ ಕಿರಿಕಿರಿ ಇಲ್ಲದಿಲ್ಲ. ಕೆಲವು ಮಾದರಿಗಳಲ್ಲಿ ಬಿಲ್ಲೆ ಬ್ಯಾಟರಿ ಸೈಟಿನ ಅಡಿಯಲ್ಲಿರುತ್ತದೆ. ಬದಲಿಸಲು ಸ್ಕ್ರೂ ಬಿಚ್ಚಬೇಕು, ಮತ್ತೆ ಕೂರಿಸಿ ಗುರಿ ಸರಿಯಾಗಿದೆಯೇ ಎಂದು ಹೊಡೆದು ನೋಡಬೇಕು. ಆದರೆ ಈಗಿನ ಎಲ್‌ಇಡಿ ಒಂದೇ ಬಿಲ್ಲೆಯಲ್ಲಿ ವರ್ಷಗಟ್ಟಲೆ ಉರಿಯುತ್ತದೆ, ಹೊಳಪನ್ನು ಬೇಕಾದಷ್ಟು ಏರಿಸಿಕೊಳ್ಳಬಹುದು. ಹೋಲೋಸನ್‌ನವರ ಎಸ್‌ಸಿಎಸ್‌ನಂತೆ ಬಿಸಿಲಿನಿಂದಲೇ ಚಾರ್ಜ್ ಆಗುವ, ಬಿಲ್ಲೆ ಬದಲಿಸುವ ಕೆಲಸವೇ ಇಲ್ಲದವೂ ಬಂದಿವೆ.

ಬ್ಯಾಟರಿ ಇಲ್ಲದ ಸೈಟಿನ ಜಾಣ್ಮೆಗೆ ನಾನು ಮನಸೋತಿದ್ದೇನೆ. ಬಯಲಲ್ಲಿ ತಿರುಗುವವರು ಅದನ್ನು ಧಾರಾಳವಾಗಿ ಕೊಳ್ಳಲಿ. ಸೋದರಳಿಯನಿಗೆ ಹೇಳಿದ್ದು ಮಾತ್ರ ಬೇರೆ: "ಮನೆಗೆ ಬ್ಯಾಟರಿಯದೇ ತಗೋ. ಪ್ರತಿ ಯುಗಾದಿಗೆ ಬಿಲ್ಲೆ ಬದಲಿಸು. ಪಿಸ್ತೂಲಿನ ಹಳೇ ಕಚ್ಚು, ಮೊನೆ ಎರಡನ್ನೂ ತೆಗೆಸಬೇಡ."